ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡ ಹೈಸ್ಕೂಲ್ ಮಕ್ಕಳ ಜೊತೆ ಹೇಗಿರಬೇಕು

ನಾನು ಅರಸೀಕೆರೆ ಕಡೆಯ ಒಂದು ಸರ್ಕಾರಿ ಹೈಸ್ಕೂಲಲ್ಲಿ ಗಣಿತ ಟೀಚರ್. ಅಪ್ಪನೋ ಅಮ್ಮನೋ ತೀರಿಕೊಂಡ ಮಗು ನಮ್ಮ ಶಾಲೆಯಲ್ಲಿ ಇಲ್ಲದ ವರ್ಷವೇ ಇಲ್ಲ. ಬೈಕ್ ಅಪಘಾತ, ಹಾರ್ಟ್ ಅಟ್ಯಾಕ್, ಕುಡಿದು ಹಾಳಾದ ಲಿವರ್, ಕ್ಯಾನ್ಸರ್, ಸಾಲ. 2021ರಲ್ಲಿ ಕೊರೊನಾ ಎರಡನೇ ಅಲೆ ಮುಗಿದು ಶಾಲೆ ತೆರೆದಾಗ ಯಾರ ಮನೆಯಲ್ಲಿ ಯಾರಿಲ್ಲ ಅಂತ ಕೇಳುವುದಕ್ಕೇ ಭಯವಾಗುತ್ತಿತ್ತು. ನನ್ನ ಅಮ್ಮ ಹೋದಾಗ ನಾನೂ ಒಂಬತ್ತನೇ ಕ್ಲಾಸು.

ಇದನ್ನು ಬರೆಯುತ್ತಿರುವುದು ಮನೆಯಲ್ಲಿ ಉಳಿದಿರುವ ಅಪ್ಪನಿಗೆ ಅಥವಾ ಅಮ್ಮನಿಗೆ, ಚಿಕ್ಕಪ್ಪ, ಸೋದರಮಾವ, ದೊಡ್ಡಮ್ಮಂದಿರಿಗೆ, ನನ್ನಂಥ ಟೀಚರ್‌ಗಳಿಗೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಾವಾದ ಮನೆಯಲ್ಲಿ ದೊಡ್ಡವರು ಮಾಡುವ ದೊಡ್ಡ ಅನ್ಯಾಯ ಅಂದರೆ ಆ ಮಗುವನ್ನು ಒಂದೇ ದಿನದಲ್ಲಿ ದೊಡ್ಡವರ ಸಾಲಿಗೆ ಸೇರಿಸಿಬಿಡುವುದು. ಹದಿನಾಲ್ಕು ವರ್ಷದ ಹುಡುಗ ಎತ್ತರ ಬೆಳೆದಿರುತ್ತಾನೆ, ಮೀಸೆ ಚಿಗುರಿರುತ್ತದೆ, ಅಳದೆ ನಿಂತಿರುತ್ತಾನೆ. ಅದನ್ನು ನೋಡಿ ಮೋಸ ಹೋಗಬೇಡಿ.

ಸುದ್ದಿ ಹೇಳುವುದು

ನಮ್ಮ ಕಡೆ ಸಾಮಾನ್ಯವಾಗಿ ಏನಾಗುತ್ತದೆ ಗೊತ್ತಾ? ಮೂರನೇ ಪೀರಿಯಡ್ಡಿಗೆ ಯಾರೋ ಮಾವ ಬೈಕಲ್ಲಿ ಬರುತ್ತಾರೆ. "ನಿಮ್ಮಪ್ಪಂಗೆ ಸ್ವಲ್ಪ ಹುಷಾರಿಲ್ವಂತೆ, ಬಾ" ಅಂತ ಹತ್ತಿಸಿಕೊಂಡು ಹೋಗುತ್ತಾರೆ. ಬೀದಿ ತಿರುಗುತ್ತಿದ್ದ ಹಾಗೆ ಶಾಮಿಯಾನ ಕಾಣುತ್ತದೆ, ಮನೆ ಮುಂದೆ ಹಾಕಿರುವ ಬೆಂಕಿ ಕಾಣುತ್ತದೆ. ಮಗುವಿಗೆ ಅಪ್ಪ ಹೋದದ್ದು ಗೊತ್ತಾಗುವುದು ಆ ಬೆಂಕಿಯಿಂದ. ಎಷ್ಟೋ ವರ್ಷ ಆದಮೇಲೂ ಆ ಮಕ್ಕಳು ಹೇಳುವುದು ಆ ಸುಳ್ಳಿನ ಬಗ್ಗೆ. "ದಾರೀಲಿ ಕೇಳಿದೆ ಮಿಸ್, ಮಾವ ಏನಿಲ್ಲ ಅಂದ್ರು."

ಬೈಕ್ ಹತ್ತುವ ಮೊದಲೇ ಹೇಳಿ. ಸ್ಟಾಫ್ ರೂಮಲ್ಲಿ ಕೂರಿಸಿ, ಬಾಗಿಲು ಹಾಕಿ, ಮಗುವಿಗೆ ಹತ್ತಿರದವರು ಯಾರಾದರೂ ಪಕ್ಕದಲ್ಲಿರಲಿ. "ಮಗ, ಒಂದು ಕೆಟ್ಟ ಸುದ್ದಿ ಇದೆ. ಇವತ್ತು ಬೆಳಿಗ್ಗೆ ಅಪ್ಪ ತೀರಿಕೊಂಡರು." ಇಷ್ಟೇ. ದೇವರು ಕರೆದುಕೊಂಡ, ದೂರ ಹೋಗಿದ್ದಾರೆ ಅನ್ನುವುದೆಲ್ಲ ಈ ವಯಸ್ಸಿನವರಿಗೆ ಬೇಡ. ಹೇಗಾಯಿತು ಅಂತ ಕೇಳಿದರೆ ಗೊತ್ತಿರುವಷ್ಟು ನಿಜ ಹೇಳಿ. ಆತ್ಮಹತ್ಯೆ ಆಗಿದ್ದರೂ ಹಾರ್ಟ್ ಅಟ್ಯಾಕ್ ಅಂತ ಮುಚ್ಚಿಡಬೇಡಿ. ಸಂಜೆಯೊಳಗೆ ಅಂಗಡಿ ಮುಂದೆ ಯಾರಾದರೂ ಮಾತಾಡುತ್ತಾರೆ, ಮಗುವಿನ ಕಿವಿಗೆ ಬಿದ್ದೇ ಬೀಳುತ್ತದೆ. ಹೇಗೆ ಮಾಡಿಕೊಂಡರು ಅನ್ನುವ ವಿವರ ಬಿಡಿಸಿ ಹೇಳಬೇಕಿಲ್ಲ. "ಅಪ್ಪನ ಮನಸ್ಸು ತುಂಬ ದಿನದಿಂದ ನೋವಲ್ಲಿತ್ತು. ಅದಕ್ಕೆ ನೀನು ಕಾರಣ ಅಲ್ಲ, ನೀನು ತಡೆಯೋಕೂ ಆಗ್ತಿರಲಿಲ್ಲ" ಅನ್ನುವ ಮಾತು ಅವತ್ತೇ ಹೇಳಿ, ಆಮೇಲೂ ಹೇಳುತ್ತಿರಿ.

ಸಂಸ್ಕಾರಕ್ಕೆ ಬರಬೇಕೋ ಬೇಡವೋ ಅಂತ ಮಗುವನ್ನೇ ಕೇಳಿ. ಕೇಳುವ ಮುಂಚೆ ಅಲ್ಲಿ ಏನೇನು ನಡೆಯುತ್ತದೆ ಅಂತ ಹೇಳಿ: ಹೂಳುತ್ತಾರಾ, ಸುಡುತ್ತಾರಾ, ಮಡಕೆ ಯಾರು ಹೊರಬೇಕು, ಪೋಸ್ಟ್‌ಮಾರ್ಟಂ ಆಗಿದ್ದರೆ ಮುಖ ಹೇಗೆ ಕಾಣಬಹುದು. ಬರುತ್ತೇನೆ ಅಂದರೆ ಜೊತೆಗೆ ಒಬ್ಬರನ್ನು ನಿಲ್ಲಿಸಿ. ಆಗಲ್ಲ ಅಂದರೆ ಒತ್ತಾಯ ಬೇಡ, ಹಾಲು ತುಪ್ಪಕ್ಕೆ ಬರಲಿ. ಇನ್ನೊಂದು ವಿಷಯ. ನೆಂಟರಲ್ಲಿ ಯಾರೂ ಹೆಣದ ಫೋಟೊ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕದ ಹಾಗೆ ಮೊದಲೇ ಒಬ್ಬರು ಗಟ್ಟಿಯಾಗಿ ಹೇಳಿಬಿಡಿ. ಆ ಫೋಟೊ ಕ್ಲಾಸಿನ ಮಕ್ಕಳ ಫೋನಿಗೆಲ್ಲ ಹೋಗುತ್ತದೆ.

"ಇನ್ಮೇಲೆ ನೀನೇ ದಿಕ್ಕು"

ಹನ್ನೊಂದು ದಿನ ಬಂದವರೆಲ್ಲ ಹುಡುಗನ ಭುಜ ತಟ್ಟಿ ಇದನ್ನೇ ಹೇಳುತ್ತಾರೆ. "ಅಳಬೇಡ ಕಣೋ, ನೀನೇ ಅತ್ತರೆ ಅಮ್ಮನ ಗತಿ ಏನು? ಇನ್ಮೇಲೆ ನೀನೇ ಮನೆ ಯಜಮಾನ." ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಹುಡುಗ ಅದನ್ನು ಅಕ್ಷರಶಃ ನಂಬುತ್ತಾನೆ. ಅವತ್ತಿಂದ ಅಳು ನಿಲ್ಲಿಸುತ್ತಾನೆ. ರಾತ್ರಿ ಸಾಲದ ಲೆಕ್ಕ ಹಾಕುತ್ತಾನೆ. ಓದು ಬಿಟ್ಟು ಗ್ಯಾರೇಜಿಗೋ, ಕಾಯಿ ಕೀಳುವುದಕ್ಕೋ ಹೋಗುತ್ತೇನೆ ಅನ್ನುತ್ತಾನೆ.

ಅದರ ಬದಲು ಹೀಗೆ ಹೇಳಿ: "ಮನೆ ನೋಡಿಕೊಳ್ಳೋಕೆ ನಾವು ದೊಡ್ಡವರು ಇದ್ದೀವಿ. ನೀನು ಸ್ಕೂಲಿಗೆ ಹೋಗು. ಅಳು ಬಂದರೆ ಅಳು, ಆಟ ಆಡಬೇಕು ಅನ್ನಿಸಿದರೆ ಆಡು." ಬಾಯಿಮಾತಿಗೆ ನಿಲ್ಲಬೇಡಿ, ಲೆಕ್ಕವನ್ನೂ ಹೇಳಿ. ಸಾಲ ಎಷ್ಟಿದೆ, ಯಾರು ಕಟ್ಟುತ್ತಾರೆ, ಜಮೀನು ಯಾರು ನೋಡಿಕೊಳ್ಳುತ್ತಾರೆ, ಈ ಮನೆಯಲ್ಲೇ ಇರುತ್ತೀವಾ, ಮುಂದಿನ ವರ್ಷದ ಫೀಸು ಎಲ್ಲಿಂದ. ಇದು ಗೊತ್ತಿಲ್ಲದೆ ಎಷ್ಟೋ ಮಕ್ಕಳಿಗೆ ನಿದ್ದೆ ಬರುವುದಿಲ್ಲ.

ದುಡ್ಡಿನ ವಿಷಯ ಬಂದಿದ್ದರಿಂದ ಇಲ್ಲೇ ಹೇಳುತ್ತೇನೆ. ಗಂಡನನ್ನು ಕಳೆದುಕೊಂಡ ತಾಯಿಯ ಮಕ್ಕಳಿಗೆ ಮಿಷನ್ ವಾತ್ಸಲ್ಯ ಅನ್ನುವ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಪ್ರಾಯೋಜಕತ್ವ (ತಿಂಗಳ ಧನಸಹಾಯ) ಇದೆ. ತಿಂಗಳಿಗೆ 4,000 ರೂಪಾಯಿ, 18 ವರ್ಷ ತುಂಬುವವರೆಗೆ. ಮನೆಯ ವರಮಾನ ಹಳ್ಳಿಯಲ್ಲಿ ವರ್ಷಕ್ಕೆ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು, ಮಗು ಶಾಲೆ ಬಿಟ್ಟಿರಬಾರದು. ಮರಣ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಆಧಾರ್, ಶಾಲೆಯ ವ್ಯಾಸಂಗ ಪ್ರಮಾಣಪತ್ರ ಇಟ್ಟುಕೊಂಡು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಮಗುವನ್ನು ಆಫೀಸಿಂದ ಆಫೀಸಿಗೆ ಅಲೆಸಬೇಡಿ, ಆ ಓಡಾಟ ದೊಡ್ಡವರು ಮಾಡಿ.

ಬೋಳು ತಲೆಯಲ್ಲಿ ಶಾಲೆಗೆ

ಕರ್ಮ ಮಾಡಿದ ಹುಡುಗ ತಲೆ ಬೋಳಿಸಿಕೊಂಡು ಶಾಲೆಗೆ ವಾಪಸ್ ಬರುತ್ತಾನೆ. ಇಡೀ ಪ್ರಾರ್ಥನೆಯ ಸಾಲು ಅವನನ್ನೇ ನೋಡುತ್ತದೆ. ಬಂದ ತಕ್ಷಣ ಆ ಸಾಲಲ್ಲಿ ನಿಲ್ಲಿಸಬೇಡಿ. ಮೊದಲ ದಿನ ಸ್ವಲ್ಪ ತಡವಾಗಿ, ಪ್ರಾರ್ಥನೆ ಮುಗಿದ ಮೇಲೆ ಬರಲಿ. ಟೋಪಿ ಹಾಕಿಕೊಳ್ಳಬೇಕು ಅನ್ನಿಸಿದರೆ ಹಾಕಿಕೊಳ್ಳಲಿ, ಯೂನಿಫಾರ್ಮಿನ ನಿಯಮ ಆಮೇಲೆ ನೋಡೋಣ.

ಅವನು ಬರುವ ಹಿಂದಿನ ದಿನ ನಾನು ಕ್ಲಾಸಿಗೆ ಹೇಳುತ್ತೇನೆ. "ನಾಳೆ ಅವನು ಬರ್ತಾನೆ. ಅಪ್ಪ ತೀರ್ಕೊಂಡಿದ್ದಾರೆ. ಯಾರೂ ತಲೆ ಮುಟ್ಟೋದು, ಹೆಂಗೆ ಸತ್ರು ಅಂತ ಕೇಳೋದು ಮಾಡಬಾರದು. 'ಬಂದ್ಯಾ, ಬಾ ಕೂತ್ಕೋ' ಅನ್ನಿ. ನೋಟ್ಸು ಕೊಡಿ. ಆಟಕ್ಕೆ ಕರೀರಿ. ಬರಲ್ಲ ಅಂದ್ರೆ ನಾಳೆ ಮತ್ತೆ ಕರೀರಿ." ಮಕ್ಕಳು ಇದನ್ನು ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ. ಒಂದು ಸಲ ಹತ್ತನೇ ಕ್ಲಾಸಿನ ಮೂರು ಹುಡುಗರು ತಾವೂ ಹಿಂದಿನ ಸಂಜೆ ತಲೆ ಬೋಳಿಸಿಕೊಂಡು ಬಂದು ಅದೇ ಬೆಂಚಲ್ಲಿ ಕೂತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ.

ಕ್ಲಾಸಿನ ಮಧ್ಯೆ ದುಃಖ ಉಕ್ಕಿ ಬಂದರೆ ಎದ್ದು ಹೋಗಲು ಒಂದು ದಾರಿ ಮಾಡಿಕೊಡಿ. ನಮ್ಮಲ್ಲಿ ಮಗು ನನ್ನ ಟೇಬಲ್ ಮೇಲೆ ಪೆನ್ನು ಇಟ್ಟು ಹೊರಗೆ ಹೋಗುತ್ತದೆ. ಕಾರಣ ಕೇಳುವುದಿಲ್ಲ. ಲೈಬ್ರರಿಯಲ್ಲಿ ಸ್ವಲ್ಪ ಹೊತ್ತು ಕೂತು ವಾಪಸ್ ಬರುತ್ತದೆ. ಹಾಜರಾತಿಯ ವಿಷಯ ಹೆಡ್‌ಮಾಸ್ಟರ್ ಹತ್ತಿರ ನೀವೇ ಮಾತಾಡಿ ಇಡಿ. ಎಸ್ಸೆಸ್ಸೆಲ್ಸಿ ಹತ್ತಿರ ಬಂದಿದ್ದರೆ, ಪರೀಕ್ಷೆ-1 ಬರೆಯಲು ಆಗದಿದ್ದರೆ ಪರೀಕ್ಷೆ-2 ಇದೆ ಅನ್ನುವುದನ್ನು ಮಗುವಿಗೂ ಮನೆಯವರಿಗೂ ಹೇಳಿ. "ಅಪ್ಪನ ಆತ್ಮಕ್ಕೆ ಶಾಂತಿ ಸಿಗಬೇಕಾದರೆ ಒಳ್ಳೆ ಮಾರ್ಕ್ಸ್ ತೆಗಿ" ಅಂತ ಮಾತ್ರ ಹೇಳಬೇಡಿ. ಮಾರ್ಕ್ಸ್ ಕಡಿಮೆ ಬಂದರೆ ಆ ಮಗು ಅಪ್ಪನಿಗೇ ದ್ರೋಹ ಮಾಡಿದೆ ಅಂದುಕೊಳ್ಳುತ್ತದೆ.

ಒಳಗೆ ಏನಾಗುತ್ತಿರುತ್ತದೆ

ದೊಡ್ಡವರ ದುಃಖ ಅಳುವಿನ ರೂಪದಲ್ಲಿ ಕಾಣುತ್ತದೆ. ಈ ವಯಸ್ಸಲ್ಲಿ ಅದು ಜಾಸ್ತಿ ಕಾಣುವುದು ಸಿಟ್ಟಾಗಿ. ತಂಗಿಗೆ ಹೊಡೆಯುವುದು, ಎದುರುತ್ತರ, ಬಾಗಿಲು ಬಡಿಯುವುದು. "ಅಪ್ಪ ಸತ್ತ ಮೇಲೆ ಕೆಟ್ಟುಹೋದ" ಅಂತ ಊರು ಹೇಳುತ್ತದೆ. ಅಮ್ಮನ ಮೇಲೆ ಅವನಿಗೆ ಸಿಟ್ಟಿಲ್ಲ. ಆದರೆ ಮನೆಯಲ್ಲಿ ಸಿಟ್ಟು ತೋರಿಸಿದರೂ ತನ್ನನ್ನು ಬಿಟ್ಟು ಹೋಗದವರು ಅಮ್ಮ ಒಬ್ಬರೇ ತಾನೇ.

ಇನ್ನು ಕೆಲವರು ಇದಕ್ಕೆ ತದ್ವಿರುದ್ಧ. ಅತಿ ಒಳ್ಳೆಯವರಾಗಿಬಿಡುತ್ತಾರೆ. ಹೋಂವರ್ಕ್ ತಪ್ಪುವುದಿಲ್ಲ, ಮನೆಗೆಲಸ ತಪ್ಪುವುದಿಲ್ಲ, ಏನೂ ಕೇಳುವುದಿಲ್ಲ. ನನಗೆ ಇವರ ಬಗ್ಗೆಯೇ ಹೆಚ್ಚು ಚಿಂತೆ. ಇವರನ್ನು ಯಾರೂ ವಿಚಾರಿಸುವುದಿಲ್ಲ.

ಮೈಯಲ್ಲೂ ತೋರುತ್ತದೆ. ತಲೆನೋವು, ಹೊಟ್ಟೆನೋವು, ನಿದ್ದೆ ಇಲ್ಲದಿರುವುದು ಅಥವಾ ಹಗಲೆಲ್ಲ ನಿದ್ದೆ. ಅಪ್ಪ ಹಾರ್ಟ್ ಅಟ್ಯಾಕಲ್ಲಿ ಹೋಗಿದ್ದರೆ ಮಗನಿಗೆ ಎದೆ ಹಿಡಿದಂತಾಗುತ್ತದೆ. ನಾಟಕ ಅನ್ನಬೇಡಿ. ಒಂದು ಸಲ ಡಾಕ್ಟರ್ ಹತ್ತಿರ ತೋರಿಸಿ, ಏನೂ ಇಲ್ಲ ಅಂತ ಅವರ ಬಾಯಲ್ಲೇ ಮಗುವಿಗೆ ಹೇಳಿಸಿ. ಇದರ ಜೊತೆಗೇ ಬರುವ ಇನ್ನೊಂದು ಭಯ, ಉಳಿದವರೂ ಹೋಗಿಬಿಟ್ಟರೆ ಅನ್ನುವುದು. ಒಬ್ಬ ಹುಡುಗಿ ದಿನಾ ಮಧ್ಯಾಹ್ನ ಬಿಸಿಯೂಟ ಬಿಟ್ಟು ಗೇಟ್ ಹತ್ತಿರ ನಿಲ್ಲುತ್ತಿದ್ದಳು. ಕೇಳಿದರೆ, ತೋಟಕ್ಕೆ ಹೋದ ಅಮ್ಮ ಮನೆಗೆ ಬಂದರಾ ಅಂತ ದಾರಿಯಲ್ಲಿ ಹೋಗುವವರನ್ನು ವಿಚಾರಿಸುವುದಕ್ಕೆ. ಆಮೇಲೆ ಆಫೀಸಿನ ಫೋನಿಂದ ದಿನಾ ಊಟದ ಹೊತ್ತಿಗೆ ಒಂದು ಕಾಲ್ ಮಾಡಲು ಬಿಟ್ಟೆವು. "ಊಟ ಆಯ್ತಾ ಅವ್ವ? ಆಯ್ತು ಇಡು." ಅಷ್ಟೇ ಮಾತು. ಹೋಗಿ ತಟ್ಟೆ ಹಿಡಿಯುತ್ತಿದ್ದಳು. ಕೆಲವು ತಿಂಗಳಲ್ಲಿ ತಾನೇ ಫೋನು ಬಿಟ್ಟಳು.

ಎಲ್ಲಕ್ಕಿಂತ ಆಳದಲ್ಲಿ ಕೂತಿರುವುದು ತಪ್ಪಿನ ಭಾವನೆ. "ಅವತ್ತು ಅಮ್ಮ ಮಾಡಿದ ಉಪ್ಪಿಟ್ಟು ಬೇಡ ಅಂತ ತಟ್ಟೆ ತಳ್ಳಿ ಬಂದಿದ್ದೆ ಮಿಸ್." ಅಮ್ಮ ಆ ಮಧ್ಯಾಹ್ನ ಸ್ಟ್ರೋಕ್ ಆಗಿ ಹೋಗಿದ್ದರು. ಇಂಥ ಮಾತು ಬಂದಾಗ "ಛೇ, ಹಾಗೆಲ್ಲ ಅಂದ್ಕೋಬೇಡ" ಅಂತ ತಕ್ಷಣ ಮುಚ್ಚಬೇಡಿ. ಪೂರ್ತಿ ಹೇಳಲಿ. ಆಮೇಲೆ ನಿಜ ಹೇಳಿ: ಅಮ್ಮನಿಗೆ ವರ್ಷಗಳಿಂದ ಬಿಪಿ ಇತ್ತು, ಮಾತ್ರೆ ಬಿಟ್ಟಿದ್ದರು, ಸ್ಟ್ರೋಕ್ ಆದದ್ದು ಅದರಿಂದ. ತಟ್ಟೆ ತಳ್ಳಿದ್ದರಿಂದ ಯಾರೂ ಸಾಯುವುದಿಲ್ಲ. ಈ ಮಾತು ಒಂದು ಸಲಕ್ಕೆ ಇಳಿಯುವುದಿಲ್ಲ, ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ಕುಡಿದು ಹೊಡೆಯುತ್ತಿದ್ದ ಅಪ್ಪ ಹೋದಾಗ ಮಗುವಿಗೆ ನಿರಾಳವೂ ಆಗಬಹುದು. "ಈಗ ಮನೇಲಿ ನಿದ್ದೆ ಬರುತ್ತೆ ಮಿಸ್" ಅಂದು, ಅಂದದ್ದಕ್ಕೇ ನಾಚಿ ತಲೆ ತಗ್ಗಿಸಿದ ಹುಡುಗನನ್ನು ನೋಡಿದ್ದೇನೆ. ಅಪ್ಪ ಬೇಕಿತ್ತು ಅನ್ನಿಸುವುದೂ, ಹೊಡೆತ ನಿಂತದ್ದಕ್ಕೆ ಸಮಾಧಾನ ಆಗುವುದೂ ಒಟ್ಟಿಗೇ ಇರಬಹುದು, ಎರಡೂ ತಪ್ಪಲ್ಲ ಅಂತ ಯಾರಾದರೂ ಅವನಿಗೆ ಹೇಳಬೇಕು.

ನಗುವುದನ್ನು ತಪ್ಪು ಅನ್ನಬೇಡಿ. ಮಗು ಬೆಳಿಗ್ಗೆ ಅತ್ತು ಸಂಜೆ ಕ್ರಿಕೆಟ್ ಆಡುತ್ತದೆ. ನೆದರ್ಲೆಂಡ್ಸಿನ ಮನಶ್ಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ ಇದನ್ನೇ ವಿವರಿಸಿದರು. ದುಃಖದಲ್ಲಿರುವವರು ಸ್ವಲ್ಪ ಹೊತ್ತು ನೋವಿನ ಕಡೆ, ಸ್ವಲ್ಪ ಹೊತ್ತು ಬದುಕಿನ ಕಡೆ ಓಡಾಡುತ್ತಿರುತ್ತಾರೆ, ಆ ಓಡಾಟವೇ ಚೇತರಿಕೆ ಅಂತ. ಮಕ್ಕಳಲ್ಲಿ ಈ ಓಡಾಟ ಬೇಗ ಬೇಗ ಆಗುತ್ತದೆ. "ಅಪ್ಪ ಸತ್ತು ತಿಂಗಳಾಗಿಲ್ಲ, ಹೆಂಗೆ ನಗ್ತಾನೆ ನೋಡು" ಅನ್ನುವ ನೆಂಟರನ್ನು ಪಕ್ಕಕ್ಕೆ ಕರೆದು ಸುಮ್ಮನಿರಿಸಿ.

ಫೋನು, ವಾಚು, ಅಂಗಿ

ಹೋದವರ ಬಟ್ಟೆಬರೆಯನ್ನೆಲ್ಲ ಕೊಟ್ಟುಬಿಡುವ, ಸುಟ್ಟುಬಿಡುವ ಪದ್ಧತಿ ಹಲವು ಮನೆಗಳಲ್ಲಿದೆ. ಅದಕ್ಕೆ ಮುಂಚೆ ಮಗುವನ್ನು ಕರೆದು, ನಿನಗೆ ಏನು ಬೇಕೋ ಇಟ್ಟುಕೋ ಅನ್ನಿ. ನಮ್ಮ ಶಾಲೆಯ ಒಬ್ಬ ಹುಡುಗ ಅಪ್ಪನ ವಾಚು ಕಟ್ಟಿಕೊಂಡು ಬರುತ್ತಿದ್ದ. ಬೆಲ್ಟ್ ದೊಡ್ಡದಾಗಿತ್ತು, ಜಾಮಿಟ್ರಿ ಬಾಕ್ಸಿನ ಕೈವಾರದ ಮೊನೆಯಿಂದ ತಾನೇ ಎರಡು ತೂತು ಕೊರೆದುಕೊಂಡಿದ್ದ. ವಾಚು ನಿಂತುಹೋಗಿತ್ತು. ಸೆಲ್ ಹಾಕಿಸಬೇಕು ಅಂತಲೂ ಅವನಿಗೆ ಅನ್ನಿಸಿರಲಿಲ್ಲ.

ಫೋನಿನ ವಿಷಯ ಈಗ ಬಹಳ ಮುಖ್ಯ. ಅಪ್ಪನ ದನಿ ಇರುವುದು ವಾಟ್ಸಾಪಿನ ವಾಯ್ಸ್ ಮೆಸೇಜಲ್ಲಿ. ಫೋನು ಇನ್ನೊಬ್ಬರಿಗೆ ಕೊಡುವ ಮೊದಲು ಫೋಟೊ, ವಿಡಿಯೊ, ವಾಯ್ಸ್ ಮೆಸೇಜ್ ಎಲ್ಲ ಪೆನ್‌ಡ್ರೈವಿಗೋ ಇನ್ನೊಂದು ಫೋನಿಗೋ ಇಳಿಸಿ. 120 ದಿನ ಬಳಸದ ವಾಟ್ಸಾಪ್ ಖಾತೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಬಳಕೆ ಇಲ್ಲದ ಸಿಮ್ಮೂ ಕೆಲವು ತಿಂಗಳಲ್ಲಿ ಬಂದ್ ಆಗಿ, ಆ ನಂಬರು ಬೇರೆ ಯಾರಿಗೋ ಹೋಗುತ್ತದೆ. ಮಕ್ಕಳು ಗುಟ್ಟಾಗಿ ಅಪ್ಪನ ನಂಬರಿಗೆ ಕಾಲ್ ಮಾಡಿ ನೋಡುತ್ತಿರುತ್ತಾರೆ. ಒಂದು ದಿನ ಅಪರಿಚಿತರು "ಹಲೋ ಯಾರು?" ಅಂದಾಗ ಆಗುವ ನೋವು ಬೇಡ. ಕಡಿಮೆ ದರದ ರೀಚಾರ್ಜ್ ಹಾಕಿ ನಂಬರು ಉಳಿಸಿ, ಅಥವಾ ಬಿಡುತ್ತಿದ್ದೀವಿ ಅಂತ ಮಗುವಿಗೆ ಮೊದಲೇ ಹೇಳಿ. ಅಪ್ಪನ ಬೈಕಿನ ಕೀಲಿ ಮಾತ್ರ ನಿಮ್ಮ ಹತ್ತಿರವೇ ಇರಲಿ. ಹದಿನೈದರ ಹುಡುಗ ಆ ಬೈಕ್ ಏರಿ ಬೇಕಂತಲೇ ಜೋರಾಗಿ ಓಡಿಸುವುದನ್ನು ನಮ್ಮೂರ ರಸ್ತೆಯಲ್ಲೇ ನೋಡಿದ್ದೇನೆ.

ಹುಡುಗಿಯರ ವಿಷಯ

ಅಮ್ಮ ಹೋದರೆ ಒಲೆ ಮಗಳ ಪಾಲಿಗೆ ಬರುತ್ತದೆ. ತಮ್ಮನ ಟಿಫನ್ ಬಾಕ್ಸು, ಅಜ್ಜಿಯ ಔಷಧಿ, ಅಪ್ಪನ ಬಟ್ಟೆ. ಕೆಲಸ ಹಂಚಿ. ಅಪ್ಪನೂ ತಮ್ಮನೂ ರೊಟ್ಟಿ ತಟ್ಟುವುದು ಕಲಿಯಲಿ. ಮುಟ್ಟಿನ ವಿಷಯ, ಒಳಉಡುಪು ಕೊಳ್ಳುವ ವಿಷಯ ಅಪ್ಪನ ಹತ್ತಿರ ಹೇಳಲಾಗದೆ ನರಳುವ ಹುಡುಗಿಯರಿದ್ದಾರೆ. ಅತ್ತೆಯೋ ಚಿಕ್ಕಮ್ಮನೋ ಯಾರಾದರೊಬ್ಬರು ಅದನ್ನು ತಮ್ಮ ಜವಾಬ್ದಾರಿ ಅಂತ ತಾವೇ ತೆಗೆದುಕೊಳ್ಳಿ. ಅವಳು ಕೇಳಲಿ ಅಂತ ಕಾಯಬೇಡಿ.

ಇನ್ನೊಂದು, ನನಗೆ ತುಂಬ ಸಂಕಟದ ವಿಷಯ. ಸಾವಾದ ವರ್ಷದೊಳಗೆ ಮನೆಯಲ್ಲಿ ಮದುವೆ ಮಾಡಿದರೆ ಪುಣ್ಯ, ಇಲ್ಲದಿದ್ದರೆ ಕಾಯಬೇಕು ಅಂತ ಹೇಳುತ್ತಾ ಹತ್ತನೇ ಕ್ಲಾಸಿನ ಹುಡುಗಿಗೆ ಗಂಡು ನೋಡುತ್ತಾರೆ. "ತಂದೆ ಇಲ್ಲದ ಹುಡುಗಿ, ಜವಾಬ್ದಾರಿ ಕಳೀಲಿ" ಅಂತ. ಹದಿನೆಂಟು ತುಂಬದೆ ಮದುವೆ ಮಾಡುವುದು ಅಪರಾಧ. ಅಷ್ಟೇ ಅಲ್ಲ, ಅಪ್ಪನನ್ನು ಕಳೆದುಕೊಂಡ ವರ್ಷವೇ ಅವಳು ಮನೆ, ಶಾಲೆ, ಗೆಳತಿಯರು ಎಲ್ಲವನ್ನೂ ಕಳೆದುಕೊಳ್ಳುತ್ತಾಳೆ. ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಯಾವಾಗ ಸಹಾಯ ಬೇಕು

ದುಃಖ ಕಾಯಿಲೆಯಲ್ಲ. ಹೆಚ್ಚಿನ ಮಕ್ಕಳು ಮನೆಯವರ, ಗೆಳೆಯರ ಆಸರೆಯಲ್ಲೇ ಚೇತರಿಸಿಕೊಳ್ಳುತ್ತಾರೆ. ಆದರೆ ಆರು ತಿಂಗಳು ಕಳೆದರೂ ದಿನದ ಬಹುಪಾಲು ಅದೇ ಹಂಬಲ, ಶಾಲೆಗೆ ಹೋಗಲಾರದ ಸ್ಥಿತಿ, ಯಾರನ್ನೂ ಸೇರದಿರುವುದು ಇದ್ದರೆ ತೋರಿಸಬೇಕು. ಅಮೆರಿಕದ ಮನೋವೈದ್ಯರ ಕೈಪಿಡಿ 2022ರಲ್ಲಿ ದೀರ್ಘ ದುಃಖದ ತೊಂದರೆಗೆ ದೊಡ್ಡವರಿಗೆ ಒಂದು ವರ್ಷ, ಮಕ್ಕಳಿಗೆ ಆರು ತಿಂಗಳು ಅಂತ ಗಡುವು ಇಟ್ಟಿದೆ. ಕುಡಿತ, ಮೈ ಕೊಯ್ದುಕೊಳ್ಳುವುದು, ಸಾವಿನ ದೃಶ್ಯ ಮತ್ತೆ ಮತ್ತೆ ಕಣ್ಣ ಮುಂದೆ ಬರುವುದು ಇದ್ದರೆ ಆರು ತಿಂಗಳು ಕಾಯಲೇಬೇಡಿ.

"ಅಪ್ಪನ ಹತ್ರ ಹೋಗ್ಬೇಕು" ಅಂತ ಮಗು ಹೇಳಿದರೆ ಬೈಯಬೇಡಿ, ನೇರವಾಗಿ ಕೇಳಿ. "ಅಪ್ಪ ಬೇಕು ಅನ್ನಿಸ್ತಿದೆಯಾ, ಇಲ್ಲಾ ಸಾಯಬೇಕು ಅನ್ನಿಸ್ತಿದೆಯಾ?" ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇರುವುದು ಹೊರಗೆ ಬರುತ್ತದೆ. ಸಾಯಬೇಕು ಅನ್ನಿಸ್ತಿದೆ ಅಂದರೆ ಮಗುವನ್ನು ಒಂಟಿಯಾಗಿ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತೋಟಕ್ಕೆ ಹೊಡೆಯುವ ಔಷಧಿ, ಮನೆಯಲ್ಲಿರುವ ಮಾತ್ರೆಗಳನ್ನು ಬೀಗ ಹಾಕಿ ಇಡಿ, ಇಲ್ಲವೇ ಬೇರೆಯವರ ಮನೆಗೆ ಸಾಗಿಸಿ. ಆತ್ಮಹತ್ಯೆಯಿಂದ ಸಾವಾದ ಮನೆಯಲ್ಲಿ ಇದನ್ನು ಮೊದಲ ದಿನವೇ ಮಾಡಿ.

14416 ಅನ್ನುವುದು ಟೆಲಿ ಮಾನಸ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರು. 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗುವೇ ಮಾಡಬಹುದು, ನೀವೂ ಮಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ಬೇಕಾದರೆ ಅವರೇ ಬೆಂಗಳೂರಿನ ನಿಮ್ಹಾನ್ಸಿಗೆ ಬರೆದುಕೊಡುತ್ತಾರೆ, ಅಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ. ದೇವಸ್ಥಾನಕ್ಕೆ, ದರ್ಗಾಕ್ಕೆ ಹೋಗುವವರು ಹೋಗಿ ಬನ್ನಿ, ಡಾಕ್ಟರನ್ನು ಮಾತ್ರ ಬಿಡಬೇಡಿ.

ಉಳಿದಿರುವ ಅಪ್ಪನಿಗೆ, ಅಮ್ಮನಿಗೆ

ಅಮೆರಿಕದ ಹಾರ್ವರ್ಡಿನ ಸಂಶೋಧಕರಾದ ಫಿಲಿಸ್ ಸಿಲ್ವರ್‌ಮನ್ ಮತ್ತು ವಿಲಿಯಂ ವರ್ಡನ್ ಬಾಸ್ಟನ್ ಕಡೆಯ 125 ಮಕ್ಕಳನ್ನು ಎರಡು ವರ್ಷ ಗಮನಿಸಿದರು. ಎಲ್ಲರೂ ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡ 6ರಿಂದ 17 ವರ್ಷದವರು. ಮಗು ಹೇಗಿರುತ್ತದೆ ಅನ್ನುವುದನ್ನು ಬೇರೆಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸಿದ್ದು ಉಳಿದ ಒಬ್ಬರು ಹೇಗಿದ್ದಾರೆ ಅನ್ನುವುದು. ಹಾಗಾಗಿ ನೀವು ಹೊತ್ತಿಗೆ ಸರಿಯಾಗಿ ಊಟ ಮಾಡುವುದು, ನಿದ್ದೆ ಮಾಡುವುದು, ಬೇಕಾದರೆ ನೀವೇ 14416ಕ್ಕೆ ಫೋನ್ ಮಾಡುವುದು ಮಗುವಿಗೆ ಮಾಡುವ ಚಿಕಿತ್ಸೆಯೇ. ಮಗುವಿನ ಮುಂದೆ ಅತ್ತರೆ ತಪ್ಪಿಲ್ಲ. ಅತ್ತು ಆದಮೇಲೆ "ಅಪ್ಪನ ನೆನಪಾಯ್ತು, ಈಗ ಅಡಿಗೆ ಮಾಡೋಣ ಬಾ" ಅನ್ನಿ. ಅಳುವುದಕ್ಕೆ ಮಗುವಿನ ಹೆಗಲು ಒಂದೇ ಆಸರೆ ಆಗದಿರಲಿ, ಅಕ್ಕನೋ ಗೆಳತಿಯೋ ಇರಲಿ.

ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಅರ್ವಿನ್ ಸ್ಯಾಂಡ್ಲರ್ ತಂಡ ಇಂಥ ಸಾವು ಕಂಡ 156 ಕುಟುಂಬಗಳ ಜೊತೆ ಕೆಲಸ ಮಾಡಿ, ಅದರಲ್ಲಿ ಕೆಲವರಿಗೆ ತರಬೇತಿ ಕೊಟ್ಟಿತು. ಆರು ವರ್ಷ ಆದಮೇಲೂ ಆ ಮನೆಯ ಮಕ್ಕಳಲ್ಲಿ ಅದರ ಪ್ರಯೋಜನ ಕಾಣುತ್ತಿತ್ತು. ಕಲಿಸಿದ್ದು ಸರಳ ಸಂಗತಿಗಳು. ಮಗುವಿನ ಜೊತೆ ಒಬ್ಬರೇ ಕೂತು ಹೊತ್ತು ಕಳೆಯುವುದು, ಮಧ್ಯೆ ಬಾಯಿ ಹಾಕದೆ ಕೇಳುವುದು, ಮನೆಯ ಶಿಸ್ತು ಬಿಡದಿರುವುದು. ಕೊನೆಯದನ್ನು ನಮ್ಮವರು ಮೊದಲು ಬಿಡುತ್ತಾರೆ. "ಪಾಪ, ಅಪ್ಪ ಇಲ್ಲದ ಮಗು" ಅಂತ ರಾತ್ರಿ ಎರಡರವರೆಗೆ ಫೋನು ಕೊಡುತ್ತಾರೆ. ಬೇಡ. ಮಲಗುವ ಹೊತ್ತು, ಓದುವ ಹೊತ್ತು ಮೊದಲಿನ ಹಾಗೇ ಇರಲಿ. ಎಲ್ಲ ತಲೆಕೆಳಗಾದ ಮನೆಯಲ್ಲಿ ಮಗುವಿಗೆ ಹಿಡಿದುಕೊಳ್ಳಲು ಸಿಗುವುದು ಅದೇ.

ವರ್ಷ ತುಂಬಿದ ಮೇಲೆ

ವರ್ಷದ ತಿಥಿ ಮುಗಿದರೆ ಊರು ಮರೆಯುತ್ತದೆ. ಬಾಸ್ಟನ್ನಿನ ಆ ಮಕ್ಕಳಲ್ಲಿ ಕೆಲವರಿಗೆ ಕಷ್ಟ ಕಾಣಿಸಿಕೊಂಡದ್ದೇ ಎರಡನೇ ವರ್ಷದಲ್ಲಿ. ನಾನೂ ಅದನ್ನೇ ನೋಡುತ್ತೇನೆ. ಒಂಬತ್ತರಲ್ಲಿ ಗಟ್ಟಿಯಾಗಿದ್ದ ಹುಡುಗಿ ಹತ್ತರ ಮಧ್ಯದಲ್ಲಿ ಕುಸಿಯುತ್ತಾಳೆ. ಹೋದವರ ಹುಟ್ಟುಹಬ್ಬ, ಮಾರ್ಲಾಮಿಗೆ ಎಡೆ ಇಡುವ ದಿನ, ಶಾಲಾ ವಾರ್ಷಿಕೋತ್ಸವ, ಪೋಷಕರ ಸಭೆ, ಇವೆಲ್ಲ ಹತ್ತಿರ ಬಂದಾಗ ಒಂದು ಮಾತು ವಿಚಾರಿಸಿ. ಎಡೆಗೆ ಏನೇನು ಮಾಡಬೇಕು ಅಂತ ಮಗುವನ್ನೇ ಕೇಳಿ. ಅಪ್ಪನಿಗೆ ಇಷ್ಟವಾದದ್ದು ಅದಕ್ಕೆ ಚೆನ್ನಾಗಿ ಗೊತ್ತಿರುತ್ತದೆ. ಹೆಸರು ಎತ್ತದೇ ಇದ್ದರೆ ಮರೆಯುತ್ತದೆ ಅಂದುಕೊಳ್ಳಬೇಡಿ. ಮಕ್ಕಳಿಗೆ ಹೆದರಿಕೆ ಇರುವುದೇ ಮರೆತುಹೋಗುತ್ತದೇನೋ ಅಂತ.

ಪಿಯುಸಿಗೆ ಸೇರಿದಾಗ ಎಲ್ಲ ಮತ್ತೆ ಹೊಸದು. ಅಲ್ಲಿ ಯಾರಿಗೂ ಏನೂ ಗೊತ್ತಿರುವುದಿಲ್ಲ. ಮೊದಲ ವಾರವೇ "ನಿಮ್ಮಪ್ಪ ಏನ್ ಮಾಡ್ತಾರೆ?" ಅಂತ ಯಾರಾದರೂ ಕೇಳುತ್ತಾರೆ. ಏನು ಹೇಳಬೇಕು ಅಂತ ಮನೆಯಲ್ಲೇ ಮಾತಾಡಿಕೊಂಡು ಹೋಗಲಿ. "ತೀರ್ಕೊಂಡ್ರು" ಅಂದು ಅಲ್ಲಿಗೇ ನಿಲ್ಲಿಸಿದರೂ ಸಾಕು, ಮಿಕ್ಕ ಕಥೆ ಹೇಳುವುದು ಬಿಡುವುದು ಮಗುವಿನ ಇಷ್ಟ. ಒಬ್ಬ ಲೆಕ್ಚರರ್‌ಗಾದರೂ ವಿಷಯ ಗೊತ್ತಿರಲಿ, ಆದರೆ ಮಗುವನ್ನು ಕೇಳಿಯೇ ತಿಳಿಸಿ. ಹಾಸ್ಟೆಲಿಗೆ ಹಾಕುತ್ತಿದ್ದರೆ ತಿಥಿ ಯಾವ ದಿನ ಅಂತ ವಾರ್ಡನ್‌ಗೆ ಬರೆದುಕೊಡಿ. ಆ ದಿನಕ್ಕೆ ಮನೆಗೆ ಕಳಿಸಬೇಕು ಅಂತ ಸೇರಿಸುವ ದಿನವೇ ಒಪ್ಪಿಸಿಕೊಂಡು ಬನ್ನಿ.